ಲೆಕ್ಕ ಯಾರ ಕೈಯಲ್ಲಿದೆ?

ಬೆಳಗಿನ ಜಾವ ಸಗಟು ಮಾರುಕಟ್ಟೆಗೆ ಹೊರಡುವ ತಳ್ಳುಗಾಡಿ ವ್ಯಾಪಾರಿಗೆ ಮೊದಲು ಬೇಕಾಗುವುದು ಆ ದಿನದ ಬಂಡವಾಳ. ನಮ್ಮ ಪೇಟೆ ಪಟ್ಟಣಗಳಲ್ಲಿ ಬಹುಕಾಲದಿಂದ ಅದನ್ನು ಒದಗಿಸುತ್ತ ಬಂದವರು ಮೀಟರ್ ಬಡ್ಡಿಯವರು. ಬೆಳಿಗ್ಗೆ ಕೈಗೆ ಬರುವುದು 900 ರೂಪಾಯಿ, ಸಂಜೆ ಎಣಿಸಿ ಕೊಡಬೇಕಾದದ್ದು 1,000. ತಿಂಗಳಲ್ಲಿ 25 ದಿನ ವ್ಯಾಪಾರ ನಡೆಯಿತೆಂದರೂ 900 ರೂಪಾಯಿಯ ಬಂಡವಾಳಕ್ಕೆ 2,500 ರೂಪಾಯಿ ಬಡ್ಡಿ. ಅದೇ ಊರಿನಲ್ಲಿ ಸಂಬಳದ ಚೀಟಿ ತೋರಿಸಬಲ್ಲವರಿಗೆ ಲಕ್ಷಗಟ್ಟಲೆ ವಾಹನ ಸಾಲ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸಿನ ಬಡ್ಡಿಗೆ ಸಿಗುತ್ತದೆ. ಗಾಡಿಯ ವ್ಯಾಪಾರಿ ಇವರಿಗಿಂತ ಕಡಿಮೆ ದುಡಿಯುವವರಲ್ಲ. ಯಾವ ಟೊಮೆಟೊ ಎರಡು ದಿನ ತಾಳುತ್ತದೆ, ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ಗಿರಾಕಿ ಸಿಗುತ್ತಾರೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಅವರ ಹತ್ತಿರ ಇಲ್ಲದ್ದು, ತಾವು ದಿನವೂ ದುಡಿಯುತ್ತೇವೆ, ಪಡೆದದ್ದನ್ನು ತೀರಿಸುತ್ತೇವೆ ಎಂದು ಸಾರುವ ಒಂದು ಕಾಗದ.

ಸ್ವಂತ ಉದ್ಯೋಗದ ಚರ್ಚೆಯಲ್ಲಿ ಈ ಕಾಗದದ ಮಾತು ಸಾಕಷ್ಟು ಬರುವುದಿಲ್ಲ. ಬಡವರಿಗೆ ಕೌಶಲ ಇಲ್ಲ, ಧೈರ್ಯ ಇಲ್ಲ, ಉಳಿತಾಯದ ಬುದ್ಧಿ ಇಲ್ಲ ಎಂದು ಹೇಳುವವರು ಹೆಚ್ಚು. ಆದರೆ ರೊಟ್ಟಿ ಬಡಿಯುವ, ಬುಟ್ಟಿ ಹೆಣೆಯುವ, ಮೀನು ಮಾರುವ, ಕೌದಿ ಹೊಲಿಯುವ ಕೈಗಳಿಗೆ ಕೌಶಲದ ಕೊರತೆ ಎಂದೂ ಇರಲಿಲ್ಲ. ಆ ಕೌಶಲವನ್ನು ದೂರದ ಗಿರಾಕಿಗೆ ತೋರಿಸುವ ದಾರಿ ಇರಲಿಲ್ಲ. ಆ ದುಡಿಮೆಯನ್ನು ಬ್ಯಾಂಕಿಗೆ ರುಜುವಾತು ಮಾಡುವ ಲೆಕ್ಕವೂ ಇರಲಿಲ್ಲ. ಲೆಕ್ಕ ಇದ್ದದ್ದು ಸಾಹುಕಾರರ ಪುಸ್ತಕದಲ್ಲಿ. ಅದರಲ್ಲಿ ಏನು ಬರೆದಿದೆ ಎಂಬುದನ್ನು ಸಾಲಗಾರ ಓದಲಾರ, ಅದನ್ನು ಇನ್ನೊಬ್ಬರಿಗೆ ತೋರಿಸಿ ಬೇರೆ ಕಡೆ ಸಾಲ ಕೇಳಲಾರ. ಆ ಪುಸ್ತಕವೇ ಅವನನ್ನು ಕಟ್ಟಿಹಾಕಿದ ಹಗ್ಗ.

ಡಿಜಿಟಲ್ ತಂತ್ರಜ್ಞಾನ ಈ ನೆಲೆಯಲ್ಲಿ ದೊಡ್ಡ ಬದಲಾವಣೆಯನ್ನು ತಂದಿದೆ. ಬಡವರ ದುಡಿಮೆಯ ಲೆಕ್ಕ ಮೊದಲ ಬಾರಿಗೆ ತಾನಾಗಿಯೇ ಬರೆದುಕೊಳ್ಳುತ್ತಿದೆ. ಅದರಿಂದ ಸ್ವಂತ ದುಡಿಮೆಯ ಬಾಗಿಲು ತೆರೆದಿರುವುದು ನಿಜ. ಆ ಬಾಗಿಲಿನಿಂದ ಒಳಹೋದವರು ತಮ್ಮ ಕಸುಬಿಗೆ ತಾವೇ ಒಡೆಯರಾಗುತ್ತಾರೋ, ಹೊಸ ಒಡೆಯರೊಬ್ಬರ ಕೂಲಿಗಳಾಗುತ್ತಾರೋ ಎಂಬುದು ಮಾತ್ರ ಆ ಲೆಕ್ಕ ಯಾರ ಹೆಸರಿನಲ್ಲಿದೆ, ಯಾರ ಹಿಡಿತದಲ್ಲಿದೆ ಎಂಬುದರ ಮೇಲೆ ನಿಂತಿದೆ. ಈ ಲೇಖನ ವಾದಿಸಲು ಹೊರಟಿರುವುದು ಇದನ್ನೇ.

ಲೆಕ್ಕಕ್ಕಿರುವ ಶಕ್ತಿಯನ್ನು ಕರ್ನಾಟಕ ಫೋನುಗಳು ಬರುವುದಕ್ಕೆ ಮೊದಲೇ ಕಂಡಿದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಪ್ರಯೋಗ ನಡೆಸಿತು. 1992ರಲ್ಲಿ ನಬಾರ್ಡ್ ಈ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ಬ್ಯಾಂಕು ಸಾಲ ಕೊಟ್ಟಿದ್ದು ಯಾವುದನ್ನು ನಂಬಿ? ವಾರವಾರವೂ ಕೂಡಿಟ್ಟ ಹತ್ತಿಪ್ಪತ್ತು ರೂಪಾಯಿಯನ್ನೂ, ಒಳಗೊಳಗೇ ಕೊಟ್ಟು ತೀರಿಸಿಕೊಂಡ ಸಾಲವನ್ನೂ ಬರೆದಿಟ್ಟ ಸಂಘದ ಪುಸ್ತಕವನ್ನು ನಂಬಿ. ಹತ್ತು ಹದಿನೈದು ಜನ ಸೇರಿ ಬರೆದ ಆ ಪುಸ್ತಕ ಎಲ್ಲರಿಗೂ ಸೇರಿದ್ದಾಗಿತ್ತು. ತಪ್ಪಿದ್ದರೆ ಸಭೆಯಲ್ಲಿ ಕೇಳಬಹುದಾಗಿತ್ತು. ಸಾಹುಕಾರರ ಪುಸ್ತಕಕ್ಕೂ ಸಂಘದ ಪುಸ್ತಕಕ್ಕೂ ಇದ್ದ ಈ ವ್ಯತ್ಯಾಸವೇ ಇಂದಿನ ಡಿಜಿಟಲ್ ಲೆಕ್ಕವನ್ನು ಅಳೆಯುವುದಕ್ಕೂ ಸರಿಯಾದ ಅಳತೆಗೋಲು.

2016ರಲ್ಲಿ ಯುಪಿಐ ಬಂತು. ನಾಲ್ಕೈದು ವರ್ಷಗಳಲ್ಲಿ ಸೊಪ್ಪಿನ ಬುಟ್ಟಿಯಿಂದ ಎಳನೀರಿನ ಸೈಕಲ್‌ವರೆಗೆ ಕ್ಯುಆರ್ ಕೋಡ್ ತೂಗತೊಡಗಿತು. ಇದು ಇಷ್ಟು ಬೇಗ ಹಬ್ಬಲು ಮುಖ್ಯ ಕಾರಣ, ವ್ಯಾಪಾರಿ ಯಂತ್ರ ಕೊಳ್ಳಬೇಕಿರಲಿಲ್ಲ. 2020ರ ಜನವರಿಯಿಂದ ಹಣ ಪಡೆಯುವುದಕ್ಕೆ ಅಂಗಡಿಯವರು ಶುಲ್ಕ ಕೊಡಬೇಕಾಗಿಯೂ ಇರಲಿಲ್ಲ. ಹಣ ಬಂದಿತೆಂದು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್‌ಬಾಕ್ಸ್ ಓದು ಬಾರದವರ ಅಂಜಿಕೆಯನ್ನು ಕಳೆಯಿತು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂತು. ಇವೆಲ್ಲ ಸಣ್ಣ ಅನುಕೂಲಗಳಂತೆ ಕಾಣಬಹುದು. ಇವುಗಳ ಒಳಗೆ ದೊಡ್ಡದೊಂದು ನಡೆಯುತ್ತಿತ್ತು: ಹತ್ತು ರೂಪಾಯಿಯ ಕೊತ್ತಂಬರಿ ಮಾರಿದ್ದಕ್ಕೂ ತಾರೀಖು, ಹೊತ್ತು, ಮೊತ್ತ ಸಮೇತ ದಾಖಲೆ ಬೀಳುತ್ತಿತ್ತು.

ಆ ದಾಖಲೆ ಸಾಲಕ್ಕೆ ನೆರವಾಗಬಲ್ಲದು ಎಂಬುದನ್ನು ಪಿಎಂ ಸ್ವನಿಧಿ ಯೋಜನೆ ತೋರಿಸಿತು. ಬೀದಿ ವ್ಯಾಪಾರಿಗಳಿಗೆ ಸಣ್ಣ ಸಾಲ ಕೊಡುವ ಯೋಚನೆ ಕರ್ನಾಟಕದಲ್ಲಿ 2018ರ ‘ಬಡವರ ಬಂಧು’ ಯೋಜನೆಯಲ್ಲೇ ಇತ್ತು. ಕೋವಿಡ್ ಲಾಕ್‌ಡೌನ್‌ನಿಂದ ಬೀದಿ ವ್ಯಾಪಾರ ನೆಲಕಚ್ಚಿದಾಗ, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ವನಿಧಿಯನ್ನು ತಂದಿತು. ಅಡಮಾನವಿಲ್ಲದೆ ಮೊದಲು 10,000, ಅದನ್ನು ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000 ರೂಪಾಯಿ. ಸಕಾಲದಲ್ಲಿ ಕಟ್ಟಿದವರಿಗೆ ನೂರಕ್ಕೆ ಏಳರಷ್ಟು ಬಡ್ಡಿ ಸಹಾಯಧನ. ಡಿಜಿಟಲ್ ವಹಿವಾಟಿಗೆ ಪ್ರೋತ್ಸಾಹಧನ. 2025ರ ಜುಲೈ ಕೊನೆಯ ಹೊತ್ತಿಗೆ ದೇಶದಲ್ಲಿ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ 13,797 ಕೋಟಿ ರೂಪಾಯಿ ಸಾಲ ಸಿಕ್ಕಿತ್ತು. ಅದೇ ವರ್ಷ ಯೋಜನೆಯನ್ನು 2030ರವರೆಗೆ ವಿಸ್ತರಿಸಿ, ಮೊದಲ ಕಂತನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಲಾಯಿತು. ದಿನಕ್ಕೆ ನೂರು ರೂಪಾಯಿ ಬಡ್ಡಿ ತೆರುತ್ತಿದ್ದವರ ಜೀವನದಲ್ಲಿ ಈ ಮೊತ್ತಕ್ಕೆ ಎಂಥ ಬೆಲೆ ಎಂಬುದನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಬಡ್ಡಿಯವನಿಗೆ ಹೋಗುತ್ತಿದ್ದ ನೂರು ರೂಪಾಯಿ ಮನೆಗೆ ಬಂದರೆ ಮಕ್ಕಳ ಓದು, ಮನೆ ಬಾಡಿಗೆ, ಔಷಧ ಎಲ್ಲಕ್ಕೂ ಒಂದು ಆಧಾರವಾಗುತ್ತದೆ.

ಇಂಥ ಬದಲಾವಣೆ ಭಾರತದಲ್ಲಷ್ಟೇ ಆದದ್ದಲ್ಲ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಬಂತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ವರ್ಷಗಟ್ಟಲೆ ಹಿಂಬಾಲಿಸಿ 2016ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅವರ ಲೆಕ್ಕದಂತೆ ಸುಮಾರು 1,94,000 ಕುಟುಂಬಗಳು ಕಡುಬಡತನದಿಂದ ಮೇಲೆ ಬಂದಿದ್ದವು. ಸುಮಾರು 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯದಿಂದ ಸಣ್ಣ ವ್ಯಾಪಾರದತ್ತ ತಿರುಗಿದ್ದರು. ಹೆಂಗಸರು ಮುಖ್ಯಸ್ಥರಾಗಿದ್ದ ಮನೆಗಳಲ್ಲಿ ಪರಿಣಾಮ ಇನ್ನೂ ಹೆಚ್ಚಾಗಿತ್ತು. ಸೇವೆ ಅವರಿಗೆ ಹೊಸ ಕಸುಬನ್ನೇನೂ ಕಲಿಸಿರಲಿಲ್ಲ. ತಮ್ಮದೇ ಹೆಸರಿನಲ್ಲಿ ಹಣ ಇಟ್ಟುಕೊಳ್ಳುವ, ಕಷ್ಟಕ್ಕೆ ಬಂಧುಗಳಿಂದ ಕೂಡಲೇ ಹಣ ತರಿಸಿಕೊಳ್ಳುವ ಅನುಕೂಲ ಕೊಟ್ಟಿತ್ತು. ಅಷ್ಟರಿಂದಲೇ ಅವರಿಗೆ ವ್ಯಾಪಾರಕ್ಕಿಳಿಯುವ ಧೈರ್ಯ ಬಂತು.

ಇನ್ನೊಂದು ಉದಾಹರಣೆ ನಮ್ಮ ನೆರೆಯದೇ. 1997ರಿಂದ 2001ರ ನಡುವೆ ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ಕರಾವಳಿಗೆ ಮೊಬೈಲ್ ಫೋನು ಬಂದಾಗ ಏನಾಯಿತು ಎಂಬುದನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದ ಹೊತ್ತಿಗೆ ಕೆಲವೇ ಮೈಲಿ ದೂರದ ಇನ್ನೊಂದು ದಡದಲ್ಲಿ ಮೀನೇ ಇರುತ್ತಿರಲಿಲ್ಲ. ದೋಣಿಯಿಂದಲೇ ಫೋನು ಮಾಡಿ ಬೆಲೆ ಕೇಳುವುದು ಸಾಧ್ಯವಾದ ಮೇಲೆ ಚೆಲ್ಲುವುದು ಹೆಚ್ಚುಕಡಿಮೆ ನಿಂತಿತು. ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನಾದ್ಯಂತ ಚರ್ಚೆಯಾಯಿತು. ಅದೇ ಕರಾವಳಿಯನ್ನು ಮತ್ತೆ ನೋಡಿದ ಸಂಶೋಧಕರು ಚಿತ್ರ ಅಷ್ಟು ಸರಳವಲ್ಲ ಎಂದರು. ದೋಣಿಗೂ ಬಲೆಗೂ ಹರಾಜುದಾರರಿಂದ ಸಾಲ ಪಡೆದ ಮೀನುಗಾರ ಮೀನನ್ನು ಅವರ ದಡಕ್ಕೇ ತರಬೇಕು. ಬೇರೆ ದಡದ ಬೆಲೆ ತಿಳಿದೂ ಅವನಿಗೆ ಆಗುವ ಪ್ರಯೋಜನ ಕಡಿಮೆ. ಫೋನು ಬೆಲೆಯನ್ನು ತಿಳಿಸಬಲ್ಲದು, ಸಾಲದ ಕಟ್ಟನ್ನು ಬಿಡಿಸಲಾರದು. ಈ ಎರಡೂ ಮಾತನ್ನು ಒಟ್ಟಿಗೆ ನೆನಪಿಟ್ಟುಕೊಂಡರೆ ಮಾತ್ರ ತಂತ್ರಜ್ಞಾನದ ಬಗ್ಗೆ ನ್ಯಾಯವಾಗಿ ಯೋಚಿಸಬಹುದು.

ಮಾರುಕಟ್ಟೆ ಎಂದರೆ ಬೆಲೆಯಷ್ಟೇ ಅಲ್ಲ, ಮುಖವೂ ಹೌದು. ನಮ್ಮ ಹಳ್ಳಿಗಳಲ್ಲಿ ಯಾರು ಏನು ಮಾರಬಹುದು ಎಂಬುದನ್ನು ಜಾತಿ ಇಂದಿಗೂ ನಿರ್ಧರಿಸುತ್ತದೆ. ದಲಿತ ಹೆಣ್ಣುಮಗಳೊಬ್ಬಳು ತರಕಾರಿ ಮಾರಬಹುದು. ಅವಳೇ ಖಾನಾವಳಿ ಇಟ್ಟರೆ, ಹಾಲು ಮಾರಿದರೆ, ಉಪ್ಪಿನಕಾಯಿ ಹಾಕಿದರೆ ಊರು ಕೊಳ್ಳುವುದೇ? ಬಿಸಿಯೂಟ ಮಾಡುವವರ ಜಾತಿ ನೋಡಿ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡ ಸುದ್ದಿಗಳನ್ನು ಈಗಲೂ ಓದುತ್ತಿದ್ದೇವೆ. ಊರಿನ ಆಚೆಗಿರುವ, ಮುಖ ಕಾಣದ ಗಿರಾಕಿಯೇ ಇಂಥವರಿಗೆ ಆಸರೆ. ಅಂಚೆಯಲ್ಲಿ ಬಂದ ಚಟ್ನಿಪುಡಿಯ ರುಚಿ ನೋಡಿ ಮತ್ತೆ ತರಿಸಿಕೊಳ್ಳುವವರು ಅದನ್ನು ಕುಟ್ಟಿದವರ ಕೇರಿಯನ್ನು ಕೇಳುವುದಿಲ್ಲ. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2016ರಲ್ಲಿ ಅವರು ಅಂತರ್ಜಾಲದ ಮೂಲಕ ಮಸಾಲೆ, ಉಪ್ಪಿನಕಾಯಿ ಮಾರಲು ಆರಂಭಿಸಿದಾಗ ಅದಕ್ಕೆ ‘ದಲಿತ್ ಫುಡ್ಸ್’ ಎಂದೇ ಹೆಸರಿಟ್ಟರು. ಹೆಸರು ಮರೆಸಿ ಮಾರುವುದಕ್ಕೂ, ಹೆಸರು ಹೇಳಿಯೇ ಮಾರುವುದಕ್ಕೂ ಡಿಜಿಟಲ್ ಮಾರುಕಟ್ಟೆಯಲ್ಲಿ ಜಾಗವಿದೆ. ಊರ ಸಂತೆಯಲ್ಲಿ ಎರಡನೆಯದಕ್ಕೆ ಇಂದಿಗೂ ಜಾಗ ಕಡಿಮೆ.

ಕಲಬುರಗಿಯ ಜೋಳದ ರೊಟ್ಟಿಯ ಕಥೆ ಇದೇ ಸಾಲಿನದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಎಣಿಕೆಯ ಲೆಕ್ಕದಲ್ಲಿ ಕೊಡುತ್ತಲೇ ಬಂದಿದ್ದಾರೆ. ಯಾರ ಕೈಯ ರೊಟ್ಟಿ ಎಂಬುದು ಉಂಡವರಿಗೆ ತಿಳಿಯುತ್ತಿರಲಿಲ್ಲ. ಬೆಲೆ ಕಟ್ಟುತ್ತಿದ್ದವರು ಕೊಳ್ಳುವವರು. ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಸೇರಿ, ಸಹಕಾರ ಸಂಘ ಕಟ್ಟಿ, ಬೆಂಗಳೂರಿನಲ್ಲಿ ಮಳಿಗೆ ತೆರೆದು, ಆನ್‌ಲೈನ್ ಬೇಡಿಕೆಯನ್ನೂ ಪಡೆಯತೊಡಗಿದರು. 2025ರ ಜೂನ್‌ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನು ಪ್ರಸ್ತಾಪಿಸಿದಾಗ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಆನ್‌ಲೈನ್ ಮಾರಾಟವೊಂದನ್ನೇ ಅಲ್ಲ. ಹೆಸರು ಸಂಘದ್ದು, ಗಿರಾಕಿಯ ಪಟ್ಟಿ ಸಂಘದ್ದು, ಬೆಲೆ ಹೇಳುವ ಅಧಿಕಾರವೂ ಸಂಘದ್ದು. ಒಬ್ಬೊಬ್ಬರೇ ಹೋಗಿ ದೊಡ್ಡ ಮಾರಾಟ ಜಾಲದಲ್ಲಿ ಹೆಸರು ನೋಂದಾಯಿಸಿದ್ದರೆ ಈ ಬಲ ಸಿಗುತ್ತಿರಲಿಲ್ಲ.

ಅಂಗವಿಕಲರ ಬದುಕಿನಲ್ಲಿ ತಂತ್ರಜ್ಞಾನದ ಪಾಲು ಇನ್ನೂ ನೇರವಾದದ್ದು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕಣ್ಣು ಕಾಣದ ವ್ಯಾಪಾರಿಗೆ ನೋಟು ಗುರುತಿಸುವುದೇ ಕಷ್ಟ. ನೂರರ ಬದಲು ಹತ್ತು ಕೊಟ್ಟು ಹೋಗುವವರು ಇದ್ದೇ ಇರುತ್ತಾರೆ. ನೋಟಿನ ಮೌಲ್ಯವನ್ನು ಹೇಳುವ ‘ಮಣಿ’ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಡುಗಡೆ ಮಾಡಿತು. ಬಂದ ಹಣವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಆ ಕಷ್ಟವನ್ನು ಇನ್ನಷ್ಟು ತಗ್ಗಿಸಿತು. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಅಂಧ ತಂತ್ರಜ್ಞ ಮೈಕಲ್ ಕರನ್. ಅದಕ್ಕೆ ಮೊದಲು ಇಂಥ ತಂತ್ರಾಂಶ ಕೊಳ್ಳುವುದು ಬಡ ಅಂಧರಿಗೆ ಕೈಗೆಟುಕದ ಮಾತಾಗಿತ್ತು. ನಡೆಯಲಾಗದವರು ಮನೆಯಲ್ಲೇ ಕುಳಿತು ಅನುವಾದ, ಲೆಕ್ಕಪತ್ರ, ವಿನ್ಯಾಸದ ಕೆಲಸ ಮಾಡಬಹುದು. ಕಿವಿ ಕೇಳದ ದರ್ಜಿ ವೀಡಿಯೊ ಕರೆಯಲ್ಲಿ ಸನ್ನೆಯಿಂದಲೇ ಅಳತೆ ಖಚಿತಪಡಿಸಿಕೊಳ್ಳಬಹುದು. ಮೆಟ್ಟಿಲು ಹತ್ತಲಾಗದ ಕಚೇರಿ, ಬಸ್ಸಿನ ಎತ್ತರದ ಪಾವಟಿಗೆ, ಸಂದರ್ಶನದಲ್ಲಿ ಮುಖ ತಿರುಗಿಸುವ ಅಧಿಕಾರಿ — ಇವೆಲ್ಲವನ್ನೂ ದಾಟಲು ಒಂದು ದಾರಿ ಸಿಕ್ಕಿದೆ.

ಆದರೆ ಇದೇ ಜನರನ್ನು ಡಿಜಿಟಲ್ ವ್ಯವಸ್ಥೆ ಬಾಗಿಲಲ್ಲೇ ತಡೆದದ್ದೂ ಉಂಟು. ಬ್ಯಾಂಕ್ ಖಾತೆಯ ಇ-ಕೆವೈಸಿಗೆ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆಗೆ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಾಗಿತ್ತು. ಕಣ್ಣು ಕಳೆದುಕೊಂಡವರು, ಆಸಿಡ್ ದಾಳಿಗೆ ತುತ್ತಾಗಿ ರೆಪ್ಪೆ ಆಡಿಸಲಾಗದವರು ಮಿಟುಕಿಸುವುದು ಹೇಗೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶ ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗ ಎಂದು ಹೇಳಿ, ಕೆವೈಸಿಯನ್ನು ಎಲ್ಲರಿಗೂ ಸಾಧ್ಯವಾಗುವಂತೆ ಮಾಡಲು 20 ನಿರ್ದೇಶನಗಳನ್ನು ನೀಡಿತು. ಈ ತೀರ್ಪಿನ ಮಹತ್ವ ದೊಡ್ಡದು. ಅಂಗವಿಕಲರಿಗೆ ಆ್ಯಪನ್ನು ಹೊಂದಿಸಿ ಕೊಡುವುದು ಕಂಪನಿಯ ಔದಾರ್ಯವಲ್ಲ, ನಾಗರಿಕರ ಹಕ್ಕು ಎಂದು ಅದು ಸ್ಪಷ್ಟಪಡಿಸಿದೆ.

ಹೆಣ್ಣುಮಕ್ಕಳ ಮಟ್ಟಿಗೆ ತಡೆ ಮನೆಯೊಳಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು ಕೇವಲ 33. ತಾನೇ ಬಳಸುವ ಫೋನು ಇದ್ದ ಹೆಂಗಸರು ನೂರಕ್ಕೆ 54. ಆ ಬಳಿಕ ಸ್ಥಿತಿ ಸುಧಾರಿಸಿರಬಹುದು. ಆದರೆ ಯಾವುದೇ ಊರಿನ ಸಂತೆಯಲ್ಲಿ ನಿಂತು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬುಟ್ಟಿಯ ಹಿಂದೆ ಕುಳಿತಿರುವುದು ಹೆಂಡತಿ ಅಥವಾ ತಾಯಿ; ಮುಂದೆ ತೂಗುವ ಕ್ಯುಆರ್ ಕೋಡ್ ಗಂಡನದೋ ಮಗನದೋ. ದುಡಿಮೆ ಇವಳದು, ದಾಖಲೆ ಅವನದು. ಐದು ವರ್ಷ ಹೀಗೆ ವ್ಯಾಪಾರ ನಡೆದರೆ ಬ್ಯಾಂಕಿನ ಕಣ್ಣಿಗೆ ಅವನು ಉದ್ಯಮಿ, ಇವಳು ಗೃಹಿಣಿ. ಹಳೆಯ ಕಾಲದಲ್ಲಿ ನಗದು ಸೆರಗಿನ ಗಂಟಿನಲ್ಲಾದರೂ ಉಳಿಯುತ್ತಿತ್ತು. ಈಗ ಅದು ನೇರವಾಗಿ ಗಂಡನ ಖಾತೆ ಸೇರುತ್ತದೆ. ಹೀಗಾದಲ್ಲಿ ಡಿಜಿಟಲೀಕರಣದಿಂದ ಆಕೆ ಮುಂದೆ ಹೋಗಲಿಲ್ಲ, ಹಿಂದೆ ಸರಿದಳು.

ಸ್ವಂತ ಉದ್ಯೋಗ ಎಂಬುದನ್ನೇ ಹಾಡಿ ಹೊಗಳುವುದೂ ಸರಿಯಲ್ಲ. 2023–24ರ ಕಾರ್ಮಿಕ ಬಲ ಸಮೀಕ್ಷೆಯಂತೆ ಭಾರತದ ದುಡಿಯುವವರಲ್ಲಿ ನೂರಕ್ಕೆ 58ಕ್ಕಿಂತ ಹೆಚ್ಚು ಜನ ಸ್ವಂತ ಉದ್ಯೋಗಿಗಳು. ಇವರಲ್ಲಿ ಬಹಳ ಮಂದಿ ಬೇರೆ ಕೆಲಸ ಸಿಗದೆ ಈ ದಾರಿ ಹಿಡಿದವರು. ಹೆಂಗಸರಲ್ಲಿ ದೊಡ್ಡ ಪಾಲು ಮನೆಯ ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವವರು. ಆದ್ದರಿಂದ ಎಷ್ಟು ಜನ ಸ್ವಂತ ಉದ್ಯೋಗಕ್ಕೆ ಇಳಿದರು ಎಂಬ ಎಣಿಕೆ ಸಾಲದು. ಆದಾಯ ಹೆಚ್ಚಿತೇ, ಬೆಲೆ ಹೇಳುವ ಅಧಿಕಾರ ಬಂತೇ, ಕಾಯಿಲೆ ಬಿದ್ದ ತಿಂಗಳೂ ಒಲೆ ಉರಿಯಿತೇ ಎಂದು ಕೇಳಬೇಕು.

ಈ ಪ್ರಶ್ನೆಗಳನ್ನು ಆ್ಯಪ್ ಆಧಾರಿತ ದುಡಿಮೆಗೆ ಕೇಳಿದರೆ ಉತ್ತರ ಕಹಿಯಾಗಿರುತ್ತದೆ. ಆಟೊ, ಕ್ಯಾಬ್ ಓಡಿಸುವವರನ್ನು, ಊಟ ತಲುಪಿಸುವವರನ್ನು ಕಂಪನಿಗಳು ‘ಪಾಲುದಾರರು’ ಎನ್ನುತ್ತವೆ. ಗಾಡಿ ಅವರದು, ಪೆಟ್ರೋಲು ಅವರದು, ಅಪಘಾತವಾದರೆ ನೋವೂ ಅವರದು. ದರ ನಿಗದಿ ಮಾಡುವವರು, ಗಿರಾಕಿಯನ್ನು ಕೊಡುವವರು, ಅಂಕ ಕಡಿಮೆಯಾದರೆ ಐಡಿ ನಿಲ್ಲಿಸುವವರು ಬೇರೆ. ಎಂಟು ವರ್ಷ ಒಳ್ಳೆಯ ಹೆಸರು ಗಳಿಸಿದ ಚಾಲಕ ಬೇರೆ ಆ್ಯಪಿಗೆ ಹೋದರೆ ಆ ಹೆಸರು ಅವನ ಜೊತೆ ಹೋಗುವುದಿಲ್ಲ. ಸಾಹುಕಾರರ ಪುಸ್ತಕ ಮತ್ತೆ ಬಂದಿದೆ. ಈ ಬಾರಿ ಅದು ಯಾವುದೋ ಸರ್ವರಿನಲ್ಲಿದೆ.

ಇದಕ್ಕೆ ಮದ್ದೂ ಕರ್ನಾಟಕದಲ್ಲೇ ಹುಟ್ಟಿದೆ. ಬೆಂಗಳೂರಿನಲ್ಲಿ 2022ರ ಕೊನೆಗೆ ಆಟೊ ಚಾಲಕರ ಸಂಘದೊಂದಿಗೆ ಸೇರಿ ಆರಂಭವಾದ ‘ನಮ್ಮ ಯಾತ್ರಿ’ ಆ್ಯಪ್ ಪ್ರತಿ ಸವಾರಿಯಲ್ಲಿ ಕಮಿಷನ್ ಕಡಿಯುವ ಪದ್ಧತಿಯನ್ನು ಬಿಟ್ಟು ಸಣ್ಣ ಬಳಕೆ ಶುಲ್ಕವನ್ನಷ್ಟೇ ಪಡೆಯುವ ದಾರಿ ಹಿಡಿಯಿತು. ಪ್ರಯಾಣಿಕ ಕೊಟ್ಟ ಹಣ ನೇರವಾಗಿ ಚಾಲಕನಿಗೆ ಸೇರಿತು. ಅದರ ಪೈಪೋಟಿಯಿಂದ ದೊಡ್ಡ ಕಂಪನಿಗಳೂ ಆಟೊಗಳ ಮಟ್ಟಿಗೆ ಕಮಿಷನ್ ಬಿಟ್ಟು ದಿನಶುಲ್ಕದ ಕಡೆಗೆ ಬಂದವು. ಒಂದೇ ಕೆಲಸಕ್ಕೆ, ಒಂದೇ ತಂತ್ರಜ್ಞಾನಕ್ಕೆ ಬೇರೆ ಕರಾರು ಸಾಧ್ಯ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅವಕಾಶ ಕೊಟ್ಟಿದೆ. ಕಾರಣ ಹೇಳದೆ ಕೆಲಸದಿಂದ ಕಿತ್ತುಹಾಕುವುದಕ್ಕೂ ತಡೆ ಹಾಕಿದೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಚಾಲಕನ ಫೋನಿನವರೆಗೂ ಅದು ತಲುಪಬೇಕು.

ಲೆಕ್ಕ ಹೇಗೆ ಅಂಜಿಕೆಯ ಮೂಲವಾಗಬಲ್ಲದು ಎಂಬುದನ್ನೂ 2025ರ ಜುಲೈನಲ್ಲಿ ಕಂಡೆವು. ಯುಪಿಐ ವಹಿವಾಟಿನ ಅಂಕಿಅಂಶ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ನೋಂದಣಿ ಬೇಕೆಂಬುದು ಕಾನೂನು. ಆದರೆ ಹಲವರಿಗೆ ಅದು ತಿಳಿದಿರಲಿಲ್ಲ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದೂ ಆಗಿರಲಿಲ್ಲ. ಕೈಸಾಲ, ನೆಂಟರು ಕಳಿಸಿದ್ದು, ತೆರಿಗೆಯೇ ಇಲ್ಲದ ಹಾಲು-ತರಕಾರಿಯ ಹಣ ಎಲ್ಲ ಅದರಲ್ಲಿ ಬೆರೆತಿತ್ತು. ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಬಂದವು. ಮುಷ್ಕರದ ಕರೆ ಬಂದ ಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು. ತೆರಿಗೆ ಕೇಳುವುದು ಸರ್ಕಾರದ ಹಕ್ಕು. ಮಿತಿ ದಾಟಿದವರು ಕಟ್ಟಬೇಕಾದದ್ದು ನ್ಯಾಯ. ಆದರೆ ವರ್ಷಗಟ್ಟಲೆ ಕ್ಯುಆರ್ ಕೋಡ್ ಬಳಸಿರೆಂದು ಪ್ರೋತ್ಸಾಹಿಸಿ, ಒಂದು ಮಾತು ಮುಂಚಿತವಾಗಿ ಹೇಳದೆ, ನಾಲ್ಕು ವರ್ಷಗಳ ಲೆಕ್ಕವನ್ನು ಒಮ್ಮೆಲೇ ಮುಂದಿಟ್ಟದ್ದು ನ್ಯಾಯವಲ್ಲ. ಆ ದಿನಗಳಲ್ಲಿ ನಷ್ಟವಾದದ್ದು ನಂಬಿಕೆ. ಬಡವರಿಗೆ ದಾಖಲೆ ಎಂದರೆ ಸಾಲ ಕೊಡಿಸುವ ನೆಂಟ ಎನಿಸಬೇಕಾಗಿತ್ತು. ಅದು ಬೇಹುಗಾರನಂತೆ ಕಂಡಿತು.

ಸಾಲದ ಆ್ಯಪ್‌ಗಳ ಹಾವಳಿ ಇನ್ನೂ ಕ್ರೂರವಾದದ್ದು. ಐದು ನಿಮಿಷದಲ್ಲಿ ಸಾಲ ಕೊಟ್ಟು, ಫೋನಿನ ಸಂಪರ್ಕ ಪಟ್ಟಿಯನ್ನೂ ಫೋಟೊಗಳನ್ನೂ ಕದ್ದು, ಕಂತು ತಪ್ಪಿದರೆ ಮಾನ ಹರಾಜು ಹಾಕುವವರಿಂದ ಎಷ್ಟೋ ಮನೆಗಳು ಕಣ್ಣೀರು ಹಾಕಿವೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿ, ಸಂಪರ್ಕ ಪಟ್ಟಿಗೆ ಕೈಹಾಕುವುದನ್ನು ನಿಷೇಧಿಸಿತು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಮೀಟರ್ ಬಡ್ಡಿಯಿಂದ ಬಿಡಿಸಿಕೊಂಡವರು ಅದಕ್ಕಿಂತ ಆಳದ ಗುಂಡಿಗೆ ಬೀಳದಂತೆ ನೋಡಿಕೊಳ್ಳುವುದು ಇದನ್ನೆಲ್ಲ ಪ್ರೋತ್ಸಾಹಿಸಿದ ಸರ್ಕಾರದ್ದೇ ಹೊಣೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ದುಡಿಯುವವರ ಹೆಸರಿಗೇ ದಾಖಲೆ. ಸ್ವಸಹಾಯ ಸಂಘಗಳ ಸಾಲದಲ್ಲಿ ಹೊಲಿಗೆ ಯಂತ್ರ, ಹಸುವಿನ ಜೊತೆಗೆ ಫೋನನ್ನೂ ಉತ್ಪಾದಕ ಸಾಧನವೆಂದು ಎಣಿಸಬೇಕು. ಗಾಡಿಯ ಹಿಂದೆ ನಿಲ್ಲುವ ಹೆಣ್ಣುಮಗಳ ಹೆಸರಿನಲ್ಲೇ ಖಾತೆ, ಕ್ಯುಆರ್ ಕೋಡ್ ಆಗುವಂತೆ ಬ್ಯಾಂಕ್ ಸಿಬ್ಬಂದಿಯೂ ನಗರಸಭೆಯೂ ಮುತುವರ್ಜಿ ವಹಿಸಬೇಕು.

ಎರಡನೆಯದು, ದಾಖಲೆಯನ್ನು ಹೊತ್ತೊಯ್ಯುವ ಹಕ್ಕು. ಒಂದು ಬ್ಯಾಂಕಿನ ಮಾಹಿತಿಯನ್ನು ಗ್ರಾಹಕರ ಒಪ್ಪಿಗೆಯ ಮೇರೆಗೆ ಇನ್ನೊಂದಕ್ಕೆ ತೋರಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ದೇಶದಲ್ಲಿ 2021ರಿಂದ ನಡೆಯುತ್ತಿದೆ. ಚಾಲಕರು ಗಳಿಸಿದ ಅಂಕ, ಮನೆಯಡುಗೆ ಮಾರುವವರು ಪೂರೈಸಿದ ಬೇಡಿಕೆಗಳು, ದರ್ಜಿಯ ಗಿರಾಕಿಗಳ ಮೆಚ್ಚುಗೆ — ಇವೂ ಹೀಗೆಯೇ ಅವರ ಜೊತೆ ಸಾಗುವಂತಾಗಬೇಕು. ದುಡಿದು ಗಳಿಸಿದ ಹೆಸರು ದುಡಿದವರ ಆಸ್ತಿ.

ಮೂರನೆಯದು, ನೋಟಿಸಿಗೆ ಮುಂಚೆ ತಿಳಿವಳಿಕೆ. ವಹಿವಾಟು 30 ಲಕ್ಷ ಮುಟ್ಟಿದಾಗಲೇ ಕನ್ನಡದಲ್ಲಿ ಒಂದು ಸಂದೇಶ, ಒಂದು ಸಹಾಯವಾಣಿ, ಹತ್ತಿರದ ಶಿಬಿರದ ವಿಳಾಸ ಬಂದರೆ ಬಹುಪಾಲು ಜನ ಅಂಜದೆ ನೋಂದಾಯಿಸಿಕೊಳ್ಳುತ್ತಾರೆ. ತೆರಿಗೆ ನಿಯಮಗಳಲ್ಲೇ ತಿದ್ದಬೇಕಾದದ್ದೂ ಇದೆ. ಆನ್‌ಲೈನಿನಲ್ಲಿ ಸರಕು ಮಾರುವ ಸಣ್ಣವರು ಮೊದಲು ವಹಿವಾಟು ಎಷ್ಟೇ ಕಡಿಮೆಯಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಯಿತು. ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನಿಪ್ಪಾಣಿಯ ಹೆಣ್ಣುಮಗಳು ಉಪ್ಪಿನಕಾಯಿಯನ್ನು ನೋಂದಣಿಯಿಲ್ಲದೆ ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರಕ್ಕೆ ಕಳಿಸಬಹುದು, ಪಕ್ಕದ ಕೊಲ್ಹಾಪುರಕ್ಕೆ ಕಳಿಸುವಂತಿಲ್ಲ. ಗಡಿ ಊರುಗಳ ಬಡವರಿಗೆ ಇದು ದೊಡ್ಡ ಅಡ್ಡಿ.

ನಾಲ್ಕನೆಯದು, ಪಕ್ಕದಲ್ಲಿ ನಿಂತು ಕಲಿಸುವ ಮನುಷ್ಯರು. ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟಿತು. ತರಬೇತಿ ಮುಗಿದ ಮೇಲೂ ಅವರ ಕೈಬಿಡದೆ ಹಿಂಬಾಲಿಸಿತು. ಅದರ ಮಾದರಿಯಲ್ಲೇ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳಿವೆ. ಈ ಹಿಂಬಾಲಿಸುವ ಗುಣವೇ ನಮ್ಮ ಡಿಜಿಟಲ್ ತರಬೇತಿಗಳಲ್ಲಿ ಕಾಣೆಯಾಗಿದೆ. ಆ್ಯಪ್ ಇಳಿಸಿಕೊಟ್ಟು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಹಣ ಸಿಕ್ಕಿಕೊಂಡಾಗ, ವಂಚಕರ ಕರೆ ಬಂದಾಗ, ಗಿರಾಕಿ ಸರಕು ಹಿಂತಿರುಗಿಸಿದಾಗ ಕೇಳಲು ಒಬ್ಬರು ಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ವಾರಕ್ಕೊಂದು ದಿನ ಅಲ್ಲಿ ಇಂಥ ನೆರವು ಸಿಗುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಕೊನೆಯದಾಗಿ, ನೆಲದ ಮೇಲಿನ ಹಕ್ಕು. ಕ್ಯುಆರ್ ಕೋಡ್ ಇದ್ದ ಮಾತ್ರಕ್ಕೆ ಗಾಡಿ ಎತ್ತಿಸುವವರು ಬಿಡುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಗಳನ್ನೂ, ಅವುಗಳಲ್ಲಿ ವ್ಯಾಪಾರಿಗಳಿಗೆ ನೂರಕ್ಕೆ ನಲವತ್ತರಷ್ಟು ಸ್ಥಾನವನ್ನೂ ಹೇಳಿದೆ. ಆ ಸಮಿತಿಗಳು ನಿಯಮಿತವಾಗಿ ಸೇರಿ, ಜಾಗ ಗುರುತಿಸಿ, ಗುರುತಿನ ಚೀಟಿ ಕೊಡದಿದ್ದರೆ ಡಿಜಿಟಲ್ ಸಾಲದಿಂದ ಕೊಂಡ ಸರಕು ಯಾವ ದಿನ ಬೇಕಾದರೂ ಬೀದಿಪಾಲಾದೀತು.

ಡಿಜಿಟಲ್ ತಂತ್ರಜ್ಞಾನ ಬಡವರ ಸ್ವಂತ ದುಡಿಮೆಗೆ ಕೊಟ್ಟ ದೊಡ್ಡ ಕೊಡುಗೆ, ಅವರ ಪ್ರಾಮಾಣಿಕತೆಯನ್ನು ಕಾಣುವಂತೆ ಮಾಡಿದ್ದು. ಆ ಕೊಡುಗೆಯನ್ನು ಅವರ ಹೆಸರಿನಲ್ಲಿ, ಅವರ ಭಾಷೆಯಲ್ಲಿ, ಅವರ ಅಧೀನದಲ್ಲಿ ಇರಿಸುವ ಕೆಲಸವನ್ನು ಯಂತ್ರ ಮಾಡಲಾರದು. ಕಾನೂನು, ಸಂಘ ಮತ್ತು ಸರ್ಕಾರ ಮಾಡಬೇಕು, ನಾಗರಿಕರಾದ ನಾವು ಮಾಡಿಸಬೇಕು. ಈ ಲೇಖನ ಓದುತ್ತಿರುವವರಲ್ಲಿ ಬ್ಯಾಂಕಿನವರಿರಬಹುದು, ಪಂಚಾಯಿತಿ ಸದಸ್ಯರಿರಬಹುದು, ಆ್ಯಪ್ ಕಟ್ಟುವ ತಂತ್ರಜ್ಞರಿರಬಹುದು, ದಿನವೂ ಸೊಪ್ಪು ಕೊಳ್ಳುವವರಂತೂ ಇದ್ದೇ ಇರುತ್ತೀರಿ. ನಿಮ್ಮ ನಿಮ್ಮ ಜಾಗದಲ್ಲಿ ಒಂದು ಪ್ರಶ್ನೆ ಕೇಳಿ: ಈ ಲೆಕ್ಕ ದುಡಿದವರ ಹೆಸರಿನಲ್ಲಿದೆಯೇ? ಇಲ್ಲವೆಂದಾದರೆ, ಅದನ್ನು ಅವರ ಹೆಸರಿಗೆ ಮಾಡಿಸಲು ನಿಮ್ಮಿಂದಾದದ್ದನ್ನು ಮಾಡಿ.